ಹನ್ನೆರಡು ಸೀಸೆಗಳ ಲೆಕ್ಕ

ಸೆನೋಬಿಯಾ ಅಕ್ಕನಿಗೆ,
ನೀವು ಕೊಟ್ಟು ಹೋದ ಹನ್ನೆರಡು ಸೀಸೆಗಳಲ್ಲಿ
ಹತ್ತು ಉಳಿದಿವೆ.
ಒಂದನ್ನು ರಾತ್ರಿ ಮಾಡಿನ ಮೇಲೆ ಮರೆತೆ,
ಹಿಮ ಅದರ ಹೊಟ್ಟೆ ಬಿರಿಸಿತು.
ಇನ್ನೊಂದನ್ನು ಲಾಮಾ ಮರಿ ಜಗಿದು ಹಾಕಿತು.
ಮೊದಲೇ ಹೇಳಿಬಿಟ್ಟೆ, ಆಮೇಲೆ ಕೇಳಬೇಡಿ.

ಇಲ್ಲಿ ಕಿಸ್ಕಪಂಪದಲ್ಲಿ ಸೌದೆ ಎಂಬುದು ಬರೀ ಮಾತು.
ಹಿಕ್ಕೆ ಒಣಗಿಸಿ ಒಲೆ ಹಚ್ಚಿದರೆ
ಗಂಜಿಗೆ ಸಾಕು, ನೀರು ಕುದಿಸಲು ಸಾಲದು.
ಬಿಸಿಲಿಗೆ ಮಾತ್ರ ಬರವಿಲ್ಲ:
ಕೆನ್ನೆ ಸುಟ್ಟು ಸಿಪ್ಪೆ ಏಳುವ ಬಿಸಿಲು,
ನೆರಳಿಗೆ ಕಾಲಿಟ್ಟರೆ ಹಲ್ಲು ಕಟಕಟ.

ಸೀಸೆಯ ಚೀಟಿ ಕಿತ್ತು, ತೊಳೆದು,
ಮುಕ್ಕಾಲು ತುಂಬಿ, ಇಪ್ಪತ್ತು ಸಲ ಕುಲುಕಿ,
ಆಮೇಲೆ ಕಂಠಪೂರ್ತಿ.
ಎಲ್ಲ ನೀವು ಹೇಳಿದಂತೆಯೇ.
ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ
ಬಾಯಿಂದ ಇಣುಕಿ ತಲೆಬರಹ ಓದುತ್ತೇನೆ.
ಅಕ್ಷರ ಕಂಡರೆ ಮಾಡಿಗೆ,
ಕಾಣದಿದ್ದರೆ ಮತ್ತೆ ಬಟ್ಟೆಗೆ, ಸೋಸಲು.
ಅದೇ ಒಂದು ತಲೆಬರಹ, ಎಂಟು ತಿಂಗಳಿಂದ:
ಯಾವುದೋ ಮಂತ್ರಿ ರಾಜೀನಾಮೆ ಕೊಟ್ಟ ಸುದ್ದಿ.
ಪಾಪ, ನಮ್ಮಲ್ಲಿ ಆತ ದಿನಾ ಬೆಳಿಗ್ಗೆ ಕೊಡುತ್ತಲೇ ಇದ್ದಾನೆ.

ಅಜ್ಜಿ ನಿಕಾಸಿಯಾಗೆ ಓದು ಬಾರದು.
ಸೀಸೆಯ ಹಿಂದೆ ಕೈ ಹಿಡಿದು ಬೆರಳು ಎಣಿಸುತ್ತಾಳೆ.
ನಾಲ್ಕೂವರೆ ಕಂಡರೆ ಸರಿ:
ತವರದ ಅದಿರು ಒಡೆಯುವಾಗ ಅರ್ಧ ಹೋಯಿತಲ್ಲ.
ನಿಮ್ಮ ಕ್ರಿಮಿಯ ಚಿತ್ರಗಳನ್ನು ಆಕೆ ನಂಬಲಿಲ್ಲ.
ಕಾಣದ್ದು ಸಾಯುವುದು ಹೇಗೆ, ಅಂದಳು.
ಆಕೆಯ ಲೆಕ್ಕವೇ ಬೇರೆ:
"ಇಂತಿ, ನಮ್ಮ ಸೂರ್ಯ, ಮನೆಗೆ ಹಿರಿಯ.
ಹಿರಿಯರು ಮೊದಲು ಕುಡಿಯಬೇಕು.
ಬೆಳಿಗ್ಗೆಯಿಂದ ಸಂಜೆತನಕ ಅವನು ಗುಟುಕರಿಸಲಿ,
ಉಳಿದ ಎಂಜಲು ನಮಗೆ.
ಅವನ ಎಂಜಲು ಕುಡಿದವರಿಗೆ ಹೊಟ್ಟೆ ಕೆಡುವುದುಂಟೆ?"
ಇಷ್ಟು ಹೇಳಿ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲುತ್ತಾಳೆ.
ನಾನು ತಿದ್ದಲು ಹೋಗಲಿಲ್ಲ. ತಪ್ಪಾಯಿತೆ?

ಈಗ ನಿಜವಾದ ವಿಷಯ.
ಫೆಬ್ರವರಿಯಲ್ಲಿ ನಾಲ್ಕು ದಿನ
ಆಕಾಶ ಕಂಬಳಿ ಹೊದ್ದು ಮಲಗಿತು. ಮಳೆಯೂ ಇಲ್ಲ.
ಮೋಡವಿದ್ದರೆ ಎರಡು ದಿನ ಇಡು ಎಂದಿದ್ದಿರಿ.
ಮೊದಲ ದಿನದ್ದಕ್ಕೆ ಕೆಂಪು ಉಣ್ಣೆ ಕಟ್ಟಿದ್ದೆ.
ತಮ್ಮ ರುಫೀನೊ ಅದನ್ನೆಲ್ಲ ಬಿಚ್ಚಿ
ಕವಣೆಗೆ ದಾರ ಹೊಸೆದ.
ಹತ್ತೂ ಸೀಸೆ ಸಾಲಾಗಿ ಮಲಗಿ
ನನ್ನನ್ನೇ ನೋಡುತ್ತಿದ್ದವು.
ಯಾವುದು ಬೆಂದದ್ದು, ಯಾವುದು ಹಸಿ?

ಅದೇ ಸಂಜೆ ಮೇಲಿನ ಮನೆಯ ದಾಮಿಯಾನಾ ಬಂದಳು,
ಬೆನ್ನ ಜೋಳಿಗೆಯಲ್ಲಿ ಮಗು, ತುಟಿ ಬಿರುಕು.
"ಮಾಡಿನ ನೀರು ಕೊಡು" ಅಂದಳು.
ನಮ್ಮ ನೀರಿಗೆ ಊರಲ್ಲಿ ಹೆಸರು ಬಂದಿದೆ, ಅಕ್ಕ.
ಗೊತ್ತಿಲ್ಲ ಅನ್ನಬೇಕಿತ್ತು.
ಗಂಜಿ ಬಿಟ್ಟು ಆ ಹಿಕ್ಕೆಯಲ್ಲೇ ಕುದಿಸಬೇಕಿತ್ತು.
ಒಂದು ಸೀಸೆ ಎತ್ತಿಕೊಟ್ಟೆ.

ಆ ರಾತ್ರಿ ಅವರ ಕಿಟಕಿಯನ್ನೇ ನೋಡುತ್ತ ಕೂತೆ.
ದೀಪ ಹತ್ತಿದರೆ ಮಗುವಿಗೆ ಶುರುವಾಯಿತೆಂದು ಅರ್ಥ.
ಹತ್ತಲಿಲ್ಲ.
ಅಥವಾ ಎಣ್ಣೆ ಇರಲಿಲ್ಲ.
ಬೆಳಗಾದರೆ ಮಗು ಕೋಳಿ ಅಟ್ಟಿಸಿಕೊಂಡು
ನಮ್ಮ ಅಂಗಳಕ್ಕೇ ಬಂತು.
ದಾಮಿಯಾನಾ ಸೀಸೆ ತೊಳೆದು ತಂದಳು,
ಜೊತೆಗೆ ನಾಲ್ಕು ಆಲೂಗಡ್ಡೆ.
ನನಗದು ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ಹಾಳೆಯಲ್ಲಿ ಗೀಟು ಎಳೆದ ಚೌಕಗಳಿವೆ:
ಎಷ್ಟು ಸೀಸೆ, ಎಷ್ಟು ದಿನ, ಎಷ್ಟು ಜನಕ್ಕೆ ಭೇದಿ.
ಆ ದಿನದ ಚೌಕದಲ್ಲಿ ಏನು ಬರೆಯಲಿ?
ಸೊನ್ನೆ ಬರೆದರೆ ಸುಳ್ಳಲ್ಲ. ನಿಜವೂ ಅಲ್ಲ.
ಖಾಲಿ ಬಿಟ್ಟಿದ್ದೇನೆ.

ಈಗ ಮೊಳೆ ಕಾಯಿಸಿ ಮುಚ್ಚಳಗಳಿಗೆ ಅಂಕಿ ಸುಟ್ಟಿದ್ದೇನೆ,
ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೀಟು.
ಕಾವಲಿಗೆ ರುಫೀನೊ, ಅದೇ ಕವಣೆ ಹಿಡಿದು.
ಬಿಸಿಲು ಮರಳಿದೆ, ತಗಡು ಚಟಚಟ ಅನ್ನುತ್ತಿದೆ.
ಅವನು ಕುಡಿದಾಯಿತಾ, ಎಂದು ಅಜ್ಜಿ
ಕೆಳಗಿನಿಂದ ಕೂಗುತ್ತಿದ್ದಾಳೆ.
ಇನ್ನೂ ಇಲ್ಲ ಅಂದೆ.

ಮುಂದಿನ ಸಲ ಬರುವಾಗ ಎರಡು ಸೀಸೆ ತನ್ನಿ,
ಬಣ್ಣದ್ದು ಬೇಡ.

ಇಂತಿ,
ಬೆನೀತಾ