ಎರಡು ಗಜ ರಿಬ್ಬನ್

ವಿರಾಜಪೇಟೆಯ ಕಾಲೇಜಿನಲ್ಲಿ ಶಾಲು ಹೊದಿಸುವ ಮೊದಲು
ನಿರೂಪಣೆಯ ಹುಡುಗ ಓದಿದ:
‘ಡಾಕ್ಟರ್ ಬೋಜವ್ವ. ಯುರೋಪಿನ ಹೆಂಗಸರ ಶಾಪಿಂಗ್ ಬಗ್ಗೆ
ಮೂವತ್ತೊಂದು ವರ್ಷ ಸಂಶೋಧನೆ.’
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ನಾನೂ ನಕ್ಕೆ.
ಹಂಬಲಕ್ಕೆ ಅಡಿಟಿಪ್ಪಣಿ ಬರೆದು ಸಂಬಳ ಪಡೆದವಳು ನಾನು.

ಏನೆಂದು ಹೇಳಲಿ ಇವರಿಗೆ?
ಪ್ಯಾರಿಸ್ಸಿನ ಪೊಲೀಸ್ ದಫ್ತರಗಳ ಮುಂದೆ ಮೂರು ಚಳಿಗಾಲ
ಬೆರಳು ಮರಗಟ್ಟುವವರೆಗೆ ಎಣಿಸಿದ್ದು ಇಷ್ಟನ್ನೇ:
ಕೈಗವಸು, ಹದಿನೇಳು ಜೊತೆ. ಲೇಸು, ಅರ್ಧ ಮೊಳ.
ಮಗುವಿನ ಟೋಪಿ, ಒಂದು. ಮಗು ಇರಲಿಲ್ಲ.
ಗಾಜಿನ ಮಾಡಿನ ಆ ದೊಡ್ಡ ಅಂಗಡಿಗಳಿಂದ
ಸೆರಗೇ ಇಲ್ಲದವರು ಎಲ್ಲಿ ಮುಚ್ಚಿಟ್ಟುಕೊಂಡರೋ!
ವಕೀಲನ ಹೆಂಡತಿ ಕದ್ದರೆ ವೈದ್ಯರು ಬಂದರು,
ನರದ ದೋಷ ಅಂದರು, ಕಡಲ ಗಾಳಿ ಬರೆದುಕೊಟ್ಟರು.
ಅಗಸಗಿತ್ತಿ ಕದ್ದರೆ
ವೈದ್ಯರು ಬರಲಿಲ್ಲ.
ಇಷ್ಟು ಹೇಳಲು ನನಗೆ ನಾನೂರು ಪುಟ ಬೇಕಾಯಿತು.

ಸಂದರ್ಶನದಲ್ಲಿ ಒಬ್ಬ ಪ್ರೊಫೆಸರು ಮೆತ್ತಗೆ ಕೇಳಿದ್ದ,
‘ನಿಮ್ಮ ಊರಿನ ಬಗ್ಗೆಯೇ ಬರೆಯಬಹುದಿತ್ತಲ್ಲ?’
ಅವತ್ತು ಉಟ್ಟದ್ದು ನಮ್ಮ ಸೀರೆ, ನೆರಿಗೆ ಬೆನ್ನಿಗೆ.
ಅವನ ಗೋಡೆಯ ಚಿತ್ರದ ಅಜ್ಜಿಗೂ ಲಂಗದ ಉಬ್ಬು ಬೆನ್ನಿಗೇ.
‘ನಿಮ್ಮವರು ನಮ್ಮವರ ತಲೆಬುರುಡೆ ಅಳೆದು ಹೋದರು ಸಾರ್,
ನಾನು ನಿಮ್ಮವರ ಸೊಂಟ ಅಳೆಯುತ್ತೇನೆ’
ಎನ್ನಲಿಲ್ಲ. ಮೆಟ್ಟಿಲಿಳಿಯುವಾಗ ಹೊಳೆಯಿತು.
ಕೆಲಸ ಹೇಗೋ ಸಿಕ್ಕಿತು.

ಹ್ಯಾಂಬರ್ಗಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಕಾಫಿಡಬ್ಬಿ:
ಮೇಲೆ ಬಿಳಿ ಏಪ್ರನ್ನಿನ ಗೃಹಿಣಿ, ಕೆನ್ನೆಯಲ್ಲಿ ಗುಳಿ.
ಸುರಿಯುವ ಕೈ ಉಂಟು, ಕುಯ್ಯುವ ಕೈ ಇಲ್ಲ.
ಅದನ್ನೂ ಒಂದು ಅಧ್ಯಾಯ ಮಾಡಿದೆ. ಹೊಗಳಿದರು.
ಕುಯ್ದವಳ ಹೆಸರು ನನ್ನಲ್ಲೂ ಇರಲಿಲ್ಲ.

ಸಮಾರಂಭ ಮುಗಿಸಿ ಗಡಿಯಾರ ಕಂಬದತ್ತ ನಡೆದೆ.
ಮೊಯ್ದೂಟಿಯ ಜವಳಿ ಅಂಗಡಿಯಲ್ಲಿ ಈಗ ಮೊಬೈಲ್ ಕವರು.
ಮೊಮ್ಮಗ ನೌಶಾದ್ ಅಟ್ಟದಿಂದ ಲೆಡ್ಜರ್ ಇಳಿಸಿದ,
‘ಗುಜರಿಯವ ಕಿಲೋಗೆ ಹದಿನಾಲ್ಕು ಹೇಳಿದ್ದಾನೆ ಮೇಡಂ,
ನೀವು ನೋಡಿ ಕೊಡಿ.’
ಹುಳ ತಿಂದ ಹಾಳೆ. ಅರ್ಧ ಮಲಯಾಳ, ಅರ್ಧ ಕನ್ನಡ.
ಪುಟಪುಟಕ್ಕೂ ಗಂಡಸರು:
ಬೆಳ್ಯಪ್ಪನ ಬಾಬ್ತು ರೇಷ್ಮೆ, ಕುಟ್ಟಯ್ಯನ ಬಾಬ್ತು ಕುಪ್ಪಸದ ಬಟ್ಟೆ,
ಊರಿಗೆ ಊರೇ ಗಂಡಸರು ಕುಪ್ಪಸ ತೊಟ್ಟು
ಸಂತೆಗೆ ಹೊರಟಂತೆ.

ಆಮೇಲೆ, ಕುಯ್ಲಿನ ತಿಂಗಳಲ್ಲಿ, ಒಂದೇ ಒಂದು ಸಾಲು:
‘ಎರವರ ಬೊಳಚಿ. ಕೆಂಪು ರಿಬ್ಬನ್ ಎರಡು ಗಜ. ಮೂರಾಣೆ. ಸಂದಿದೆ.’
ಗಂಡನ ಹೆಸರಿಲ್ಲ. ತೋಟದ ಧಣಿಯ ಹೆಸರಿಲ್ಲ. ಸಾಲವಿಲ್ಲ.
ಆಗೆಲ್ಲ ಅವರಿಗೆ ಕೂಲಿಯೆಂದರೆ ಬತ್ತ,
ಕಾಸು ಕೈಗೆ ಹತ್ತುತ್ತಿರಲಿಲ್ಲ.
ಮೂರಾಣೆಗೆ ಎಷ್ಟು ಬೊಗಸೆ ಕಾಫಿ ಮಡಿಲಲ್ಲಿ
ಬೇಲಿ ದಾಟಬೇಕಿತ್ತು?
ಮೂವತ್ತೊಂದು ವರ್ಷದ ಅಭ್ಯಾಸ,
ಪೆನ್ನಿನ ಮುಚ್ಚಳ ತಾನಾಗಿ ತೆರೆಯಿತು.

ಕಾಸು ಎಲ್ಲಿಂದ ಬಂತೆಂದು ಮೊಯ್ದೂಟಿ ಬರೆದಿಲ್ಲ.
ಕೇಳಲಿಲ್ಲವೋ, ಕೇಳಿಯೂ ಬಿಟ್ಟನೋ.
ಮುಚ್ಚಳ ಹಾಕಿದೆ.

ನೌಶಾದ್ ತೂಗಿದ: ಎರಡೂವರೆ ಕಿಲೋ.
ಮೂವತ್ತೈದು ರೂಪಾಯಿ ಕೊಟ್ಟು,
ಮಧ್ಯಾಹ್ನದ ಶಾಲಿನಲ್ಲಿ ಸುತ್ತಿ, ಗೋಣಿಕೊಪ್ಪದ ಬಸ್ಸು ಹತ್ತಿದೆ.
‘ಏನಕ್ಕಾ ಕೊಂಡಿರಿ?’ ಪಕ್ಕದವಳು ಗಂಟಿನತ್ತ ನೋಡಿದಳು.
‘ರಿಬ್ಬನ್’ ಎಂದೆ.