ಬಕೆಟ್ಟಿಗೆ ಮೂವತ್ತು

ತರಬೇತಿಯ ಹುಡುಗ, ಶಿವಮೊಗ್ಗದಿಂದ ಬಂದವನು,
ಗೋಡೆಗೆ ದೊಡ್ಡ ಹಾಳೆ ಬಡಿದು ಗೆರೆ ಎಳೆದ.
ಒಂಬತ್ತು ಚೌಕ. ಹಳದಿ ಚೀಟಿಯ ಕಟ್ಟು ಕೊಟ್ಟು
'ಒಂದು ಚೀಟಿಗೆ ಒಂದೇ ಮಾತು' ಎಂದ.

ನಾನು ಜೆಸಿಂತಾಳ ಕಿವಿಯಲ್ಲಿ:
ಜಾತಕಕ್ಕಾದರೆ ಹನ್ನೆರಡು ಮನೆ,
ಇದಕ್ಕೆ ಮೂರು ಕಮ್ಮಿ. ಶನಿಗೆ ಜಾಗವಿಲ್ಲ, ಬಚಾವು.

ನಮ್ಮದು ಬಟ್ಟೆ ಒಣಗಿಸುವ ಕಸುಬು. ಇನ್ನೂ ಹುಟ್ಟಿಲ್ಲ.
ತೀರ್ಥಹಳ್ಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್
ಒಗೆಯುವವರು ಮನೆಮನೆಯಲ್ಲೂ ಇದ್ದಾರೆ,
ಒಣಗಿಸುವವನೊಬ್ಬನೇ ರಜೆ.

'ಗಿರಾಕಿ ಯಾರು?'
ಎಲ್ಲರೂ, ಎಂದು ಬರೆದೆ. ಹುಡುಗ ಚೀಟಿ ಕಿತ್ತ.
'ಎಲ್ಲರೂ ಅಂದ್ರೆ ಯಾರೂ ಅಲ್ಲ ಅಕ್ಕ, ಮುಖ ಹೇಳಿ.'
ಮುಖ?
ಹೆರಿಗೆಯಾಗಿ ಹದಿನೆಂಟು ದಿನದ ಸುಹಾಸಿನಿ,
ಕೂಸಿನ ಬಟ್ಟೆಗೆಲ್ಲ ಒಲೆಯ ಹೊಗೆ.
ಇರುವೆರಡು ಸಮವಸ್ತ್ರದಲ್ಲಿ ಕಮ್ಮಿ ಹಸಿಯದ್ದನ್ನು ತೊಟ್ಟು
ಸೀನುತ್ತ ಠಾಣೆಗೆ ಹೋಗುವ ಪೇದೆ ಕರಿಬಸಪ್ಪ.
ಹಾಸ್ಟೆಲಿನ ಹುಡುಗಿಯರು, ಟವೆಲ್ಲಿನ ಕೆಳಗೆ ಅಡಗಿಸಿ
ಅವರು ಹರವುವ ಬಟ್ಟೆಗಳು. ಅದನ್ನು ಬರೆಯಲಿಲ್ಲ,
ಚೀಟಿಗೊಂದು ಚುಕ್ಕಿ ಇಟ್ಟೆ. ನಮಗೆ ಗೊತ್ತು.

ಪಾಲುದಾರರ ಮನೆಯಲ್ಲಿ ಹಮೀದ್ ಬ್ಯಾರಿಯ ಬೇಕರಿ:
ಬೆಳಗಿನ ಜಾವ ಮೂರಕ್ಕೆ ಬನ್ನು ಇಳಿದ ಮೇಲೆ
ಓವನ್ನಿನ ಬಿಸಿ ಏಳರವರೆಗೂ
ಸುಮ್ಮನೆ ಹೆಂಚು ಹಾಯ್ದು ಹೋಗುತ್ತದೆ.
ಅದೇ ನಮ್ಮ ಬಂಡವಾಳ.
'ಏನು ಕೊಡುತ್ತೀರಿ' ಎಂಬ ನಡುಮನೆಗೆ ಜೆಸಿಂತಾ ಬರೆದಳು:
ಬೆಚ್ಚಗಿರುತ್ತದೆ. ಸ್ವಲ್ಪ ಏಲಕ್ಕಿ ವಾಸನೆ ಬಂದೀತು.

ಊಟ ಮುಗಿಸಿ ಬರುವಷ್ಟರಲ್ಲಿ
ಥಂಡಿಗೆ ಅಂಟು ಬಿಟ್ಟು ಚೀಟಿಗಳೆಲ್ಲ ನೆಲದಲ್ಲಿ.
ಡಬ್ಬಿಯ ತಳದ ಅನ್ನದ ಅಗುಳು ಹಿಸುಕಿ
ಅವಸರದಲ್ಲಿ ಮತ್ತೆ ಮೆತ್ತಿದೆವು.
ಹಮೀದ್ ಗಿರಾಕಿಗಳ ಚೌಕಕ್ಕೆ ಹೋಗಿದ್ದ.

ಕೀಳಹೊರಟಾಗ ನೆನಪಾಯಿತು, ಮೊನ್ನೆ ಅಂದಿದ್ದ:
'ನಮ್ಮ ಹುಡುಗರ ಏಪ್ರನ್ನೂ ಒಣಗುದಿಲ್ಲ ಮಾರಾಯ್ರೆ.
ಬಿಸಿ ನಮ್ಮದೇ, ಹರವಲಿಕ್ಕೆ ಕೈ ಎಲ್ಲುಂಟು?'
ಅಲ್ಲೇ ಬಿಟ್ಟೆವು.
ಬಾಡಿಗೆಗೆ ಬದಲು ದಿನಕ್ಕೆ ಹನ್ನೊಂದು ಏಪ್ರನ್.

ಖರ್ಚಿನ ಮನೆ ತಾನಾಗಿ ತುಂಬಿತು:
ಹಗ್ಗ, ಕ್ಲಿಪ್ಪು, ಗಾಡಿಗೆ ತಾಡಪಾಲು,
ಒಬ್ಬರ ಲುಂಗಿ ಇನ್ನೊಬ್ಬರಿಗೆ ಹೋಗದಂತೆ ನಂಬರಿನ ಚೂರು.
ಆದಾಯಕ್ಕೆ ಪೆನ್ಸಿಲ್ಲಿನಲ್ಲಿ: ಬಕೆಟ್ಟಿಗೆ ಮೂವತ್ತು.

'ಅಕ್ಟೋಬರಿನಿಂದ ಮೇವರೆಗೆ?' ಹುಡುಗ ಕೇಳಿದ.
ಎಲ್ಲ ಮನೆ ಹುಡುಕಿದೆವು.
ಎಂಟು ತಿಂಗಳು ಎಲ್ಲೂ ಹಿಡಿಯಲಿಲ್ಲ.

ಅಷ್ಟರಲ್ಲಿ ಹೊರಗೆ, ಮೂರು ವಾರಕ್ಕೆ ಮೊದಲ ಸಲ,
ಬಿಸಿಲು ಬಿತ್ತು.
ಬೀದಿಗೆ ಬೀದಿಯೇ ಹಗ್ಗ ಕಟ್ಟತೊಡಗಿತು.
ನಾವಿಬ್ಬರೂ ಕಿಟಕಿಯಲ್ಲಿ ನಿಂತು
ಹೊಟ್ಟೆಕಿಚ್ಚಿನಿಂದ ನೋಡಿದೆವು.
ಆಮೇಲೆ ಜೆಸಿಂತಾ
ತನ್ನ ಮನೆಯ ಬಟ್ಟೆ ನೆನಪಾಗಿ ಓಡಿದಳು.