ಎಣಿಕೆ ತಪ್ಪಿದ ಕಾಯಿಲು

ಪಂಪುಸೆಟ್ಟು, ಮಿಕ್ಸಿ, ಸೀಲಿಂಗ್ ಫ್ಯಾನು.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನನ್ನ ವೈಂಡಿಂಗ್ ಅಂಗಡಿಗೆ
ಬರುವುದೆಲ್ಲ ಸುಟ್ಟ ವಾಸನೆ ಹೊತ್ತೇ ಬರುವುದು.
ಆ ದಿನ ಬಂದದ್ದು ಗಿಟಾರು. ತಂತಿ ನಾಲ್ಕೇ.
ಮೆಟ್ಟುಗಳನ್ನೆಲ್ಲ ಕಿತ್ತು, ಕಿತ್ತ ಗೀರುಗಳಿಗೆ ಅರಗು ತುಂಬಿ
ಹಸುಗೂಸಿನ ಕೆನ್ನೆಯ ಹಾಗೆ ನುಣ್ಣಗೆ ಸವರಿದ್ದ.
'ಕಾಯಿಲು ಸತ್ತಿದೆ ಸಾಬ್ರೇ, ಸಂಜೆಯ ರೈಲಿಗೆ ಹೋಗಬೇಕು'
ಎಂದವನು ಸಕಲೇಶಪುರದ ಎಲ್ರಾಯ್ ತಾವ್ರೊ,
ಬಸ್ಸಿನ ಟಿಕೀಟು ಇನ್ನೂ ಬೆರಳಿಗೇ ಸುತ್ತಿಕೊಂಡಿತ್ತು.

ನನಗೋ ಎಡಗಿವಿ ಮಂದ, ಮೋಟಾರುಗಳ ಕೃಪೆ.
ಸ್ಕ್ರೂಡ್ರೈವರಿನ ಮೊನೆ ಬೇರಿಂಗಿಗೆ ಒತ್ತಿ
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಕೊಟ್ಟರೆ ಸಾಕು,
ಹೇಳಿಬಿಡುತ್ತೇನೆ: ಇದಕ್ಕೆ ಮೂರು ತಿಂಗಳು, ಇದಕ್ಕೆ ನಾಳೆ.
ಸಂಗೀತ ಅಂದರೆ ಅಷ್ಟೇ ಗೊತ್ತಿದ್ದದ್ದು.

ಹಳೇ ಕರೆಂಟ್ ಮೀಟರೊಂದನ್ನು ಒಡೆದು
ಕೂದಲಿಗೂ ಸಣ್ಣ ತಾಮ್ರ ಬಿಚ್ಚಿದೆ, ನಲವತ್ತಾರನೇ ಗೇಜು.
ಮಗಳ ಹೊಲಿಗೆ ಯಂತ್ರದ ಚಕ್ರಕ್ಕೆ ಬಾಬಿನ್ ಕಟ್ಟಿ
ಬಿಸ್ಮಿಲ್ಲಾ ಅಂತ ಸುತ್ತತೊಡಗಿದೆ.
ಏಳು ಸಾವಿರದ ಎಂಟುನೂರು ಬೇಕಂತೆ.
ಜೋರಾಗಿ ಉಸಿರು ಬಿಟ್ಟರೂ ಹರಿದೀತು.

ಅವನು ತಾಮ್ರದ ಚೂರಿನ ಮೂಟೆಯ ಮೇಲೆ ಕೂತ.
ಗಿಟಾರಿನ ತಲೆಯನ್ನು ನನ್ನ ಹೊನ್ನೆಯ ಬೀರುವಿಗೆ ಆನಿಸಿ,
ಬೇಸರಕ್ಕೆ ಎಂಬಂತೆ ಒಂದು ತಂತಿ ಮೀಟಿದ.
ಬೀರು ಹೂಂಗುಟ್ಟಿತು.
ತಟ್ಟೆಯಲ್ಲಿದ್ದ ನಟ್ಟು ಬೋಲ್ಟುಗಳು ಎದ್ದು ಕೂತವು.

ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ
ಒಂದು ಓಣಿ ಇದೆ. ಅವನ ವಾಸ ಅಲ್ಲಿ.
ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ
ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಹೋದ.
ತಮಟೆಯ ಕೆಲಸವನ್ನೂ ಅವನೇ ಮಾಡಿದ, ಕೊಳಲಿನದನ್ನೂ,
ಆದರೂ ಯಾವುದರ ಜಾಗಕ್ಕೂ ಕಾಲು ಚಾಚಲಿಲ್ಲ.
ಮೀಟಲೇಬೇಕು ಅನ್ನುವ ಕಡೆ ಮೀಟದೆ ಬಿಟ್ಟ.
ಆ ಖಾಲಿಗೆ ಬಡಿದದ್ದು ನನ್ನ ಎದೆ.

ಎಡಗೈಯಲ್ಲಿ ಸ್ಕ್ರೂಡ್ರೈವರ್ ಎತ್ತಿ
ಬೀರುವಿಗೆ ಒತ್ತಿದ್ದು ಯಾವಾಗ, ತಿಳಿಯದು.
ಎಲುಬಿನ ಒಳಗೆ ಕತ್ತಲ ನೀರು ಹರಿದ ಹಾಗೆ.
ಆರು ಸಾವಿರದ ಚಿಲ್ಲರೆಯಲ್ಲಿ ಎಲ್ಲೋ
ನನ್ನ ಲೆಕ್ಕ ಹೋಯಿತು. ಕೈ ಸುತ್ತುತ್ತಲೇ ಇತ್ತು.
ನೂರು ಹೆಚ್ಚೋ, ಐವತ್ತು ಕಡಿಮೆಯೋ,
ಯಾರಿಗೆ ತಿಳಿಯುತ್ತೆ ಅಂದುಕೊಂಡು ತುದಿ ಬೆಸೆದೆ.

ಪಕ್ಕದ ದ್ಯಾವಣ್ಣ ಗಣಪತಿ ಬಿಡುವಾಗಿನ ದೊಡ್ಡ ಡಬ್ಬ ತಂದು ಹಚ್ಚಿದ.
ಎಲ್ರಾಯ್ ಒಂದೇ ಸ್ವರ ನುಡಿಸಿ ತಲೆ ಎತ್ತಿದ:
'ಎಣಿಕೆ ತಪ್ಪಿತಾ ಸಾಬ್ರೇ?'
ನೆಲ ಬಾಯಿ ಬಿಡಬಾರದೇ ಅನಿಸಿತು.
'ಬಿಚ್ಚಿ ಮತ್ತೆ ಸುತ್ತುತ್ತೇನೆ.'
'ಬೇಡ ಬೇಡ' ಅಂದ, ಇನ್ನೊಮ್ಮೆ ನುಡಿಸಿದ,
ಹೊಸ ಊರಿನ ನೀರು ಕುಡಿದು ನೋಡುವವನ ಹಾಗೆ. 'ಇದೇ ಇರಲಿ.'
ಅರವತ್ತು ರೂಪಾಯಿ ಕೊಟ್ಟು ರೈಲಿಗೆ ಓಡಿದ.

ಆಮೇಲಿನದೆಲ್ಲ ಕೇಳಿದ ಮಾತು.
ಬೊಂಬಾಯಿ, ಅಲ್ಲಿಂದ ಹಡಗು ದಾಟಿದ ಊರುಗಳು.
ಅವನ ಜಾಝ್ ಕೇಳಿದ ಹುಡುಗರು ಎಲ್ಲೆಲ್ಲೋ
ಇಕ್ಕಳ ಹಿಡಿದು ತಂತಮ್ಮ ಗಿಟಾರಿನ ಮೆಟ್ಟು ಕಿತ್ತರಂತೆ.
ನನಗೊಂದು ಕ್ಯಾಸೆಟ್ ಬಂತು. ಡ್ರಮ್ಮು ಜಡಿಮಳೆ,
ಸ್ಯಾಕ್ಸೊಫೋನಿನ ಕೂಗು, ಅದರಡಿಯಲ್ಲಿ
ನನ್ನ ಆ ತಪ್ಪು, ಎಷ್ಟು ಸಮಾಧಾನದಿಂದ
ಎಲ್ಲರನ್ನೂ ಹೆಗಲ ಮೇಲೆ ಹೊತ್ತು ನಡೆಯುತ್ತಿದೆ!

ಎಲ್ರಾಯ್ ಮಣ್ಣಿಗೆ ಹೋಗಿ ನಾಲ್ಕು ವರ್ಷ.
ಕಳೆದ ವಾರ, ಆಲೂಗಡ್ಡೆ ಲಾರಿಗಳ ನಡುವೆ ದಾರಿ ಕೇಳುತ್ತ
ಒಬ್ಬ ಹುಡುಗ ಬಂದ, ಬೆನ್ನಿಗೆ ಬಾಸ್ ಗಿಟಾರು.
'ತಾವ್ರೊ ಅವರ ನಾದ ಬೇಕು. ಎಷ್ಟು ಸುತ್ತು?'
'ಮೂಟೆಯ ಮೇಲೆ ಕೂರಪ್ಪ' ಅಂದೆ,
'ಬೀರುವಿಗೆ ಆನಿಸಿ ನುಡಿಸು, ನಾನು ಸುತ್ತುತ್ತೇನೆ.'
ಬೆರಳು ಚುರುಕು. ಚೆನ್ನಾಗಿಯೇ ನುಡಿಸಿದ, ತುಂಬ ಚೆನ್ನಾಗಿ.

ಏಳು ಸಾವಿರದ ಎಂಟುನೂರು.
ಒಂದೂ ತಪ್ಪಲಿಲ್ಲ.
ಕಾಸು ಬೇಡವೆಂದು ಟೀ ತರಿಸಿದೆ.